ಬೆಳ್ಳುಳ್ಳಿ ಮಲಗಿದ ತೊಟ್ಟಿಲು

ಸೋಮವಾರ ಬೆಳಿಗ್ಗೆ ಶಿಗ್ಗಾಂವಿಯ ಕಾರಕೂನ ನೀಲಪ್ಪನವರು ತಮ್ಮ ಸ್ವಂತ ಮನೆಯ ಒಳಕೋಣೆಯಲ್ಲಿ ಬಿದ್ದರು. ತೂಗುಬಿಟ್ಟ ತೊಟ್ಟಿಲಿನ ಸ್ಕ್ರೂ ಒಂದಕ್ಕೆ ಸ್ಕ್ರೂಡ್ರೈವರು ಕೊಟ್ಟು, ಮೈಭಾರವನ್ನೆಲ್ಲ ಹಾಕಿ ಒತ್ತಿದ್ದರು. ತೊಟ್ಟಿಲಿಗೆ ತೂಗುವುದೊಂದೇ ಗೊತ್ತು. ಅದು ಹಿಂದಕ್ಕೆ ಹೋಯಿತು, ಇವರು ಮುಂದಕ್ಕೆ ಹೋದರು, ಅದು ಮರಳಿ ಬರುವಾಗ ಇವರನ್ನು ಅಂಗಾತ ಕೆಡವಿತು. ಎಡಗೈಯಲ್ಲಿ ಬಿಚ್ಚಿಹೋದ ಧೋತರದ ತುದಿ, ಎದೆಯ ಮೇಲೆ ಎರಡು ಕಟ್ಟು ಬೆಳ್ಳುಳ್ಳಿ. ಬೀಳುವುದಕ್ಕೆ ಇಡೀ ದಿನವಿತ್ತು. ಆದರೆ ಅವರು ಆರಿಸಿಕೊಂಡದ್ದು ಪಕ್ಕದ ಮನೆಯ ಚೌಡವ್ವ ಹೆಪ್ಪು ಕೇಳಲು ಒಳಗೆ ಕಾಲಿಟ್ಟ ಗಳಿಗೆಯನ್ನು.

ಚೌಡವ್ವ ಅವರನ್ನು ನೋಡಿದಳು, ಇನ್ನೂ ತೂಗುತ್ತಿದ್ದ ತೊಟ್ಟಿಲನ್ನು ನೋಡಿದಳು.

"ಯಾಕ ಶಂಕ್ರವ್ವ, ನಿಮ್ಮವರು ತೊಟ್ಟಲದಾಗಿಂದ ಬಿದ್ರೇನು?"

"ಇಲ್ಲವಾ, ಬಿಚ್ಚಾಕ ಹೋಗಿ ಬಿದ್ದಾರ," ಎಂದಳು ನೀಲಪ್ಪನವರ ಹೆಂಡತಿ ಶಂಕ್ರವ್ವ, ಹೆಪ್ಪಿನ ವಾಟಿ ಕೊಡುತ್ತ. ಗಂಡನನ್ನು ಎಬ್ಬಿಸಲಿಲ್ಲ. ಅವರ ಎದೆಯ ಮೇಲಿನ ಬೆಳ್ಳುಳ್ಳಿಯನ್ನಷ್ಟೇ ಎತ್ತಿಕೊಂಡಳು.

ಆ ತೊಟ್ಟಿಲು ಕಲಘಟಗಿಯದು, ಬಣ್ಣದ್ದು. ಇಪ್ಪತ್ತೆರಡು ವರ್ಷಗಳ ಹಿಂದೆ, ಬಸುರಿ ಮಗಳಿಗೆ ಏಳು ತಿಂಗಳು ತುಂಬಿತೆಂದು ಕೇಳಿದವನೇ, ಶಂಕ್ರವ್ವನ ತಂದೆ ಇನ್ನೆರಡು ತಿಂಗಳು ತಾಳಲಾರದೆ ಚಕ್ಕಡಿಯಲ್ಲಿ ಹೇರಿಕೊಂಡು ಬಂದಿದ್ದ. ಹಲಗೆಗಳೆಲ್ಲ ಬಿಡಿಬಿಡಿ. ಜೊತೆಗೆ ಬಂದ ಬಡಗಿ, ಮರದ ಬೆಣೆ ಹೊಡೆದರೆ ಸಾಕು ಎಂದ. ಆಗ ನೀಲಪ್ಪನವರಿಗೆ ಹರೆಯ, ನೌಕರಿ ಹೊಸದು, ಜಗತ್ತನ್ನು ಸುಧಾರಿಸುವ ಹುಮ್ಮಸ್ಸು. ಸವಣೂರಿನಿಂದ ಎಂಟು ದಪ್ಪ ಸ್ಕ್ರೂ ತಂದು, ಒಳಕೋಣೆಯಲ್ಲೇ ಕೂತು ಸ್ವಹಸ್ತದಿಂದ ಬಿಗಿದು, "ಇನ್ನ ನೂರು ವರ್ಷ ಅಲುಗಾಡಂಗಿಲ್ಲ ನೋಡು," ಎಂದು ಹೆಂಡತಿಗೆ ಹೇಳಿದರು. (ಮನುಷ್ಯ ಆಡಿದ ಮಾತು ಕೆಲವೊಮ್ಮೆ ನಿಜವಾಗಿಬಿಡುತ್ತದೆ.) ಜೋಡಿಸಿದ ತೊಟ್ಟಿಲು ಕೋಣೆಯ ಬಾಗಿಲಲ್ಲಿ ಹಾಯುವುದಿಲ್ಲವೆಂಬುದು ಮರುದಿನ ತಿಳಿಯಿತು. ತಿಳಿದೂ ಯಾರೂ ಚಿಂತಿಸಲಿಲ್ಲ. ಕೂಸು ಮಲಗುವ ವಸ್ತುವನ್ನು ಹೊರಗೆ ಯಾಕೆ ಒಯ್ಯಬೇಕು? ಎಂಟನೆಯ ತಿಂಗಳಲ್ಲಿ ಕೂಸು ಉಳಿಯದೆ, ತೊಟ್ಟಿಲಿನ ಅಗತ್ಯವೇ ಇಲ್ಲದಂತಾಯಿತು. ಆಮೇಲೂ ಆ ಅಗತ್ಯ ಬೀಳಲಿಲ್ಲ.

ಬರಿ ತೊಟ್ಟಿಲು ತೂಗಬಾರದು ಎನ್ನುತ್ತಾರೆ. ಗಾಳಿ ಬಂದರೆ ತೂಗುವ ವಸ್ತುವಿಗೆ ಅದನ್ನು ಹೇಳುವವರಾರು? ಅದಕ್ಕೇ ಶಂಕ್ರವ್ವ ಅದನ್ನು ಬರಿದು ಬಿಡಲಿಲ್ಲ. ಮೊದಲು ಕೌದಿ ಇಟ್ಟಳು. ಕೌದಿಗೆ ಇಲಿ ಬಿದ್ದ ಮೇಲೆ ಬೆಳ್ಳುಳ್ಳಿ ಇಟ್ಟಳು. ಗಾಳಿಯಾಡುವ ಜಾಗ, ವರ್ಷವಿಡೀ ಒಂದು ಎಸಳೂ ಕೊಳೆಯುತ್ತಿರಲಿಲ್ಲ. ಹೀಗೆ ಶಿಗ್ಗಾಂವಿಯಲ್ಲಿ ಬೆಳ್ಳುಳ್ಳಿಯನ್ನು ತೊಟ್ಟಿಲಲ್ಲಿ ಹಾಕಿ ಸಾಕಿದ ಮನೆ ಇದೊಂದೇ ಎಂಬ ಕೀರ್ತಿ ನೀಲಪ್ಪನವರ ಪಾಲಿಗೆ ಬಂತು. ಪಂಚಮಿಗೊಮ್ಮೆ, ದೀಪಾವಳಿಗೊಮ್ಮೆ ಶಂಕ್ರವ್ವ ತೊಟ್ಟಿಲನ್ನು ಹಸಿ ಅರಿವೆಯಿಂದ ಒರೆಸಿ, ಎಂಟು ಸ್ಕ್ರೂಗಳ ದುಂಡು ತಲೆಗೂ ಅರಿಶಿನ ಕುಂಕುಮ ಹಚ್ಚುತ್ತಿದ್ದಳು. ಹಚ್ಚಲೆಂದೇ ಮಾಡಿದ ಹಾಗೆ ಇದ್ದವು ಅವು.

ಕಳೆದ ವಾರ ಬಸ್ ನಿಲ್ದಾಣದಲ್ಲಿ ಹಿರೇಬೆಂಡಿಗೇರಿಯ ಯಲ್ಲಪ್ಪ, ಅಂದರೆ ಶಂಕ್ರವ್ವನ ತಮ್ಮ, ಸಿಕ್ಕಿದ. ಅವನ ಮಗಳು ಹಡೆದಿದ್ದಳು. ಗುರುವಾರ ಕೂಸನ್ನು ತೊಟ್ಟಿಲಿಗೆ ಹಾಕಬೇಕು, ತೊಟ್ಟಿಲು ಹುಡುಕುತ್ತಿದ್ದ. ನೀಲಪ್ಪನವರಲ್ಲಿ ಔದಾರ್ಯ ಉಕ್ಕಿತು. ಮನೆಗೆ ಬಂದು ಹೇಳಿದರು:

"ನಮ್ಮದ ಒಯ್ಯಿ ಅಂತ ಯಲ್ಲಪ್ಪಗ ಹೇಳೇನಿ. ಬುಧವಾರ ಸಂಜಿಕೆ ಚಕ್ಕಡಿ ತರ್ತಾನ."

ಶಂಕ್ರವ್ವ ಜೋಳ ಹಸನು ಮಾಡುತ್ತಿದ್ದಳು. "ಹೇಳೀರೇನು."

"ಸುಮ್ಮನ ಬಿದ್ದೈತೆಲ್ಲ."

"ಹೌದು. ಬಿದ್ದೈತಿ." ಮೊರ ಮತ್ತೆ ಆಡತೊಡಗಿತು.

ಕಚೇರಿಯಲ್ಲಿ ನೀಲಪ್ಪನವರು ಪ್ರತಿ ಕಾಗದದ ಕೆಳಗೂ ಒಪ್ಪಿಗೆಯ ರುಜು ಇದೆಯೇ ಎಂದು ಎರಡು ಸಲ ನೋಡುತ್ತಿದ್ದರು. ಮನೆಯಲ್ಲಿ ಆ ಅಭ್ಯಾಸ ಇರಲಿಲ್ಲ.

ಸೋಮವಾರದ ಪತನದ ನಂತರ ಅವರು ಆಯಿಲ್ ಎಂಜಿನ್ನು ರಿಪೇರಿ ಮಾಡುವ ಮಲ್ಲಿಕಸಾಬನಿಗೆ ಹೇಳಿ ಕಳಿಸಿದರು. ಮಂಗಳವಾರ ಬೆಳಿಗ್ಗೆ ಅವನು ಗೇಣುದ್ದದ, ಒನಕೆಯ ಮರಿಯಂಥ ಉಕ್ಕಿನ ತುಂಡೊಂದನ್ನು ತಂದ.

"ಇದಕ್ಕ ಇಂಪ್ಯಾಕ್ಟ್ ಅಂತಾರ್ರಿ. ಸ್ಕ್ರೂದಾಗ ಕೂಡ್ರಿಸಿ, ತಲಿ ಮ್ಯಾಲ ಸುತ್ತಿಗಿಲೇ ಹೊಡೀರಿ. ಹೊಡದಂಗ ಒಳಗ ತಾನ ತಿರಗತೈತಿ. ಒಂದ ಲಕ್ಷ್ಯ ಇರಲಿ. ಈ ಕೊಳವಿ ಹಿಂಗ ತಿರುವಿ ಇಟ್ರ ಬಿಚ್ಚತೈತಿ, ಹಂಗ ತಿರುವಿ ಇಟ್ರ ಬಿಗೀತೈತಿ. ಬೇಕಂದ್ರ ನಾನ ಬಿಚ್ಚಿ ಹೋಗ್ತೇನಿ."

"ಬ್ಯಾಡ ಮಾರಾಯಾ. ಬಿಗಿದಾಂವ ನಾನು, ಬಿಚ್ಚಾಂವನೂ ನಾನ," ಎಂದರು ನೀಲಪ್ಪನವರು. ಚಹ ಕುಡಿಯುತ್ತ ಅವರು ಮಲ್ಲಿಕಸಾಬನ ಮಾತನ್ನು, ಕಾರಕೂನರು ಅರ್ಜಿದಾರರ ಮಾತು ಕೇಳುವ ಹಾಗೆ, ತಲೆಯಾಡಿಸುತ್ತ ಕೇಳಿದ್ದರು. ಚಹ ತಂದ ಶಂಕ್ರವ್ವ ಹೊಸ್ತಿಲಲ್ಲಿ ನಿಂತು ಕೇಳಿದ್ದಳು. ಮಲ್ಲಿಕಸಾಬ ಹಾನಗಲ್ಲಿನ ಎಂಜಿನ್ನು ನೋಡಲು ಬಸ್ಸು ಹತ್ತಿದ.

ನೀಲಪ್ಪನವರು ತೊಟ್ಟಿಲನ್ನು ನೆಲಕ್ಕಿಳಿಸಿದರು. ಶಂಕ್ರವ್ವ ಬೆಳ್ಳುಳ್ಳಿಯನ್ನೆಲ್ಲ ಉಡಿಯಲ್ಲಿ ತುಂಬಿಕೊಂಡು ಹೊಸ್ತಿಲ ಮೇಲೆ ಕೂತಳು. ಮೊದಲು ಸ್ಕ್ರೂಗಳ ಗೆರೆ ಕಾಣಬೇಕಿತ್ತು. ದಬ್ಬಣ ಹಾಕಿ ಕೆದರಿದರೆ ಅರಿಶಿನ, ಅದರ ಕೆಳಗೆ ಕುಂಕುಮ, ಮತ್ತೆ ಅರಿಶಿನ, ಮತ್ತೆ ಕುಂಕುಮ, ಕಲ್ಲಾಗಿ ಕೂತಿದ್ದವು. ಎಲ್ಲಕ್ಕಿಂತ ಕೆಳಗಿನದು ಕಪ್ಪಾಗಿತ್ತು. ಅದು ಯಾವ ವರ್ಷದ ಹಬ್ಬದ್ದೆಂದು ನೀಲಪ್ಪನವರು ಲೆಕ್ಕ ಹಾಕಲು ಹೋಗಿ, ನಡುವೆಯೇ ಬಿಟ್ಟರು. ಪುಡಿಯನ್ನು ಊದಿಬಿಡಲು ಮನಸ್ಸಾಗದೆ ಒಂದು ಕಾಗದದ ಮೇಲೆ ಒಟ್ಟುಮಾಡಿ ಬದಿಗಿಟ್ಟರು.

ಆಮೇಲೆ ಏಟು ಶುರುವಾಯಿತು. ಮೂರನೆಯ ಏಟಿಗೆ ಸ್ಕ್ರೂ ಕಿರ್ ಎಂದು ಕೂದಲೆಳೆಯಷ್ಟು ತಿರುಗಿತು.

"ತಿರುಗಿತ ನೋಡು," ಎಂದರು ನೀಲಪ್ಪನವರು.

"ತಿರಗಾಕತ್ತೈತಿ," ಎಂದಳು ಶಂಕ್ರವ್ವ.

ಕಚೇರಿಗೆ ಎರಡು ದಿನ ರಜೆ ಬರೆದು, ಮಂಗಳವಾರ ಇಡೀ ದಿನ, ಬುಧವಾರ ಮಧ್ಯಾಹ್ನದವರೆಗೆ ಅವರು ಹೊಡೆದರು. ಹೆಬ್ಬೆರಳು ಬದನೆಕಾಯಿಯ ಬಣ್ಣಕ್ಕೆ ತಿರುಗಿತು. ಎಂಟೂ ಸ್ಕ್ರೂ ತಿರುಗಿದವು, ಆದರೆ ಒಂದೂ ಎದ್ದು ಬರಲಿಲ್ಲ. ತಲೆಗಳು ಕಟ್ಟಿಗೆಯೊಳಗೆ ಇನ್ನಷ್ಟು ಹುದುಗಿದ ಹಾಗೆ ಕಂಡವು. ಅದು ಬೆಳಕಿನ ದೋಷವೆಂದು ನೀಲಪ್ಪನವರು ತೀರ್ಮಾನಿಸಿದರು.

ಸಂಜೆಗೆ ಮುಂಚೆ ಮಲ್ಲಿಕಸಾಬ ತನ್ನ ಸಾಮಾನು ಒಯ್ಯಲು ಬಂದ. ತೊಟ್ಟಿಲು ನೋಡಿದ. ಇಂಪ್ಯಾಕ್ಟನ್ನು ಕೈಗೆತ್ತಿಕೊಂಡು ಕೊಳವೆ ನೋಡಿದ.

"ಸಾಹೇಬ್ರ, ಬಿಗಿಯೂ ಬಾಜೂ ಇಟ್ಟು ಹೊಡದೀರಿ."

ಅವನು ಕೊಳವೆಯನ್ನು ಇನ್ನೊಂದು ಬದಿಗೆ ತಿರುವಿ ತೋರಿಸಿದ.

"ಈಗೂ ಬಿಚ್ಚಾಕ ಬರ್ತೈತ್ರಿ. ನಾ ಬಿಚ್ಚಿದ್ರ ಅರ್ಧಾ ತಾಸು. ಯಲ್ಲಪ್ಪನವರ ಚಕ್ಕಡಿ ಊರ ಅಗಸಿ ಕಡೆ ಬರೂದು ನೋಡೇನಿ. ಹೇಳ್ರಿ, ಬಿಚ್ಚಲೇನು?"

ನೀಲಪ್ಪನವರು ಹೆಂಡತಿಯ ಕಡೆ ತಿರುಗಿದರು. ಎರಡು ದಿನದಿಂದ ಆಕೆ ಅದೇ ಹೊಸ್ತಿಲ ಮೇಲೆ ಕೂತದ್ದು ಈಗ ಅವರ ಕಣ್ಣಿಗೆ ಬಿತ್ತು.

"ನಿನಗ ಗೊತ್ತಿತ್ತೇನು, ನಾ ಬಿಗಿಯಾಕತ್ತೇನಂತ?"

"ಮಲ್ಲಿಕಸಾಬ ಹೇಳಿದ್ನಲ್ರಿ, ಕೇಳಿದ್ದೆ."

"ಮತ್ತ ಯಾಕ ಹೇಳಲಿಲ್ಲ?"

"ನೀವು ಕೇಳಲಿಲ್ಲ."

ಕೈಯಲ್ಲಿದ್ದ ಸುತ್ತಿಗೆಯನ್ನು ನೀಲಪ್ಪನವರು ನೆಲದ ಮೇಲೆ ಸದ್ದಾಗದ ಹಾಗೆ ಇಟ್ಟರು. ಅರಿಶಿನ ಕುಂಕುಮದ ಪುಡಿಯಿದ್ದ ಕಾಗದ ಬದಿಯಲ್ಲೇ ಇತ್ತು. ಅದನ್ನೇ ನೋಡುತ್ತ, ಇಪ್ಪತ್ತೆರಡು ವರ್ಷಗಳಲ್ಲಿ ಕೇಳದ ಮಾತನ್ನು ಮೊದಲ ಸಲ ಕೇಳಿದರು.

"ಈಗ ಕೇಳ್ತೇನಿ. ನೀ ಹೇಳು. ಬಿಚ್ಚಿ ಕೊಡೂದೋ, ಇಲ್ಲೇ ಇರಲೋ? ನೀ ಬ್ಯಾಡ ಅಂದ್ರ ಯಲ್ಲಪ್ಪಗ ನಾನ ಹೋಗಿ ಹೇಳ್ತೇನಿ."

ಶಂಕ್ರವ್ವ ಉಡಿಯೊಳಗಿನ ಬೆಳ್ಳುಳ್ಳಿಯನ್ನು ಒಮ್ಮೆ ನೋಡಿಕೊಂಡಳು. ಒಂದು ಗಡ್ಡೆಯ ಸಿಪ್ಪೆ ಕಳಚಿತ್ತು. ಅದನ್ನು ಒಳಗೆ ಸರಿಸಿ, ಸೆರಗು ಮುಚ್ಚಿದಳು.

"ಕೊಡ್ರಿ," ಎಂದಳು. "ಇವನ್ನ ಎಲ್ಲಿ ಮಲಗಸೂದು, ಅಷ್ಟ ಹೇಳ್ರಿ."