ಸೆರಗಿಗೇರಿದ ರಾಕ್ಷಸಿ

ಗಂಡನಿಗೆ ಇಸ್ಪೀಟಿನ ಚಟವಿದ್ದರೆ ತವರಿನಲ್ಲಿ ಹೇಳಿಕೊಂಡು ಅಳಬಹುದು. ಮುಚ್ಚಿಹೋದ ಕಂಪನಿಯ ಹಳೇ ಕಂಪ್ಯೂಟರ್ ಆಟಕ್ಕೆ ಎರಡನೆಯ ಭಾಗ ಕಟ್ಟುವ ಚಟವಿದ್ದರೆ ಯಾರ ಮುಂದೆ ಹೇಳುವುದು? ಇದು ಬೆಟಗೇರಿಯ ಶಫೀಕನ ಹೆಂಡತಿ ನಸ್ರೀನಳ ಪ್ರಶ್ನೆ.

ಗದಗ ಹೊಸ ಜಿಲ್ಲೆಯಾದ ವರ್ಷ ಕಂಪ್ಯೂಟರ್ ಕ್ಲಾಸಿನಲ್ಲಿ ಕದ್ದು ಆಡಿದ ಸಾಹಸದ ಆಟ ಅದು. ರಾಜಕುಮಾರ ಗುಹೆಯ ಬಾಗಿಲಿಗೆ ಬಂದು ನಿಂತಲ್ಲಿಗೆ ಮುಗಿದಿತ್ತು. ಮುಂದಿನ ಭಾಗ ಬರುವ ಮೊದಲೇ ಕಂಪನಿ ಬಾಗಿಲು ಹಾಕಿತು. ಎಂಟು ವರ್ಷದ ಮೇಲೆ ದೇಶವಿದೇಶದ ಅಭಿಮಾನಿಗಳು ಅದನ್ನು ತಾವೇ ಮಾಡಲು ಕೂತಿದ್ದಾರೆಂದು ಇಂಟರ್ನೆಟ್ ಅಂಗಡಿಯಲ್ಲಿ ಓದಿದ ಶಫೀಕ, ಆ ಮಹಾಕಾರ್ಯಕ್ಕೆ ಟೊಂಕ ಕಟ್ಟಿ ನಿಂತ. (ಸಂಬಳ ಸೊನ್ನೆ.) ಚೌಕದ ಹಾಳೆಯ ಮೇಲೆ ಸೀರೆಯ ಚಿತ್ತಾರ ಬರೆದು ನೇಕಾರರಿಗೆ ಕೊಡುವುದು ಅವನ ಕಸುಬು. ಮಗ್ಗದಲ್ಲಿ ಒಂದು ಚೌಕಕ್ಕೆ ಒಂದು ಎಳೆ, ಕಂಪ್ಯೂಟರಿನಲ್ಲಿ ಒಂದು ಚೌಕಕ್ಕೆ ಒಂದು ಚುಕ್ಕೆ, ಅಷ್ಟೇ ವ್ಯತ್ಯಾಸ.

ಅವನ ಪಾಲಿಗೆ ಬಂದದ್ದು ಗುಹೆ ಕಾಯುವ ರಾಕ್ಷಸಿ. ಮಾದರಿ ಹುಡುಕಿ ಅವನು ಅಡುಗೆಮನೆಯಿಂದಾಚೆ ಹೋಗಲಿಲ್ಲ; ಮೊದಲು ಚೌಕದ ಹಾಳೆಯ ಮೇಲೆಯೇ ಬರೆದ. ಸೊಂಟದ ಮೇಲೊಂದು ಕೈ, ಇನ್ನೊಂದರಲ್ಲಿ ಸವುಟು, ಬಲಗೆನ್ನೆಯ ಮೇಲೆ ಮಚ್ಚೆ. (ಕೋರೆಹಲ್ಲು ಮಾತ್ರ ಸ್ವಂತ ಕಲ್ಪನೆ.) ಆದರೆ ರಾಜಕುಮಾರ ಅವಳನ್ನು ದಾಟುವುದು ಹೇಗೆಂದು ಯಾವ ಅಭಿಮಾನಿಗೂ ಹೊಳೆದಿರಲಿಲ್ಲ.

ಅಷ್ಟರಲ್ಲಿ ಲಕ್ಷ್ಮೇಶ್ವರದಲ್ಲಿ ನಸ್ರೀನಳ ತಂಗಿ ಅಮೀರಾಳ ಮದುವೆ ಬಂತು. ಊರ ಹೆಂಗಸರಿಗೆಲ್ಲ ಸೆರಗು ಬರೆಯುವ ಗಂಡ ತನಗೆ ಆರು ವರ್ಷದಲ್ಲಿ ಒಂದೂ ಬರೆದಿಲ್ಲ, ತವರಿನವರ ಮುಂದೆ ಇದೊಂದು ಸಲ ಮರ್ಯಾದೆ ಉಳಿಸಲಿ ಎಂದಳು ನಸ್ರೀನ. ಶಫೀಕ ಚೆಂದದ ಬಳ್ಳಿ ಬರೆದದ್ದು ಖರೆ. ಆದರೆ ನೇಕಾರ ಕಳಕಪ್ಪ ಹಾಳೆ ಕೇಳಲು ಬಂದಾಗ ಅವನು ಮನೆಯ ಹಳೇ ಕಂಪ್ಯೂಟರಿನಲ್ಲಿ ಕೋರೆಹಲ್ಲು ತಿದ್ದುತ್ತಿದ್ದ. ತಿರುಗಿಯೂ ನೋಡದೆ ಕೈಗೆ ಸಿಕ್ಕ ಸುರುಳಿ ಎತ್ತಿಕೊಟ್ಟ.

ಮದುವೆಯ ಹಿಂದಿನ ದಿನ ಕಳಕಪ್ಪನೇ ಸೀರೆ ತಂದುಕೊಟ್ಟ. ಬಿಚ್ಚಿದರೆ ಸೆರಗಿನ ತುಂಬ ಹನ್ನೊಂದು ರಾಕ್ಷಸಿಯರು, ಹನ್ನೊಂದು ಸವುಟು. ಬಟ್ಟೆಯ ಮೇಲೆ ಮನುಷ್ಯರ ಮುಖ ಬರಬಾರದು ಎಂದು ಗೊಣಗಲು ಹೊರಟ ಶಫೀಕನ ಸೋದರತ್ತೆ ಫಕೀರಬಿ, ಕಣ್ಣಿಗೆ ಹತ್ತಿರ ಹಿಡಿದು ಮೊದಲು ಸೆರಗಿನ ಮಚ್ಚೆಯನ್ನೂ ಆಮೇಲೆ ನಸ್ರೀನಳ ಕೆನ್ನೆಯನ್ನೂ ನೋಡಿದಳು. ಕಳಕಪ್ಪನಿಗೆ ಮಾತ್ರ ಹಿಗ್ಗು.

"ಚೌಕ ಇದ್ದಂಗ ನೇಯೂದಷ್ಟ ನಮ್ಮ ಕೆಲಸರಿ. ಆದರ ಅಕ್ಕಾರ ಮುಖ ಗುರ್ತ ಸಿಕ್ತು ನೋಡ್ರಿ, ಮಚ್ಚಿಗೆ ನಾನ ಜರಿ ಹಾಕೀನಿ."

ನೆಲ ಬಾಯಿ ಬಿಡಬಾರದೇ ಎನಿಸಿತು ಶಫೀಕನಿಗೆ. ನಸ್ರೀನ ಸೀರೆ ಮಡಿಚಿ ಪೆಟ್ಟಿಗೆಯಲ್ಲಿಟ್ಟಳು. ಮರುದಿನ ಅದನ್ನೇ ಉಟ್ಟಳು.

ಮದುವೆ ಮನೆಯ ಹೆಂಗಸರು ಮುಗಿಬಿದ್ದರು. ಹೆಂಡತಿಯ ಮುಖವನ್ನೇ ನೇಯಿಸಿದ ಗಂಡ ಸುತ್ತ ಹತ್ತು ಹಳ್ಳಿಯಲ್ಲಿ ಇಲ್ಲ ಎಂದು ಹೊಗಳಿದರು. ಕೋರೆಹಲ್ಲನ್ನು ನಗು ಎಂದುಕೊಂಡರು. ಕೇಳಿದವರಿಗೆಲ್ಲ ನಸ್ರೀನ, ನಮ್ಮವರೇ ಬರೆದದ್ದು ಎಂದಷ್ಟೇ ಹೇಳಿ ಬಡಿಸಲು ಹೋಗುತ್ತಿದ್ದಳು. ನಾಲ್ಕು ಜನರ ಮುಂದೆ ಉಗಿದಿದ್ದರೂ ಶಫೀಕನಿಗೆ ಇಷ್ಟು ನಾಚಿಕೆಯಾಗುತ್ತಿರಲಿಲ್ಲ. ತಲೆ ತಗ್ಗಿಸಿ ಉಂಡ. (ಎರಡು ಸಲ ಹಾಕಿಸಿಕೊಂಡ, ಅದು ಬೇರೆ ಮಾತು.)

ವಾಪಸು ಬಸ್ಸಿನಲ್ಲಿ ನಸ್ರೀನ ಮೊದಲ ಬಾರಿ ಸೆರಗಿನ ಮಾತು ತೆಗೆದಳು. ಆ ರಾಜಕುಮಾರ ಈ ರಾಕ್ಷಸಿಯನ್ನು ಹೇಗೆ ದಾಟುತ್ತಾನೆ ಎಂದು ಕೇಳಿದಳು. ಕತ್ತಿ, ಮಂತ್ರ, ಮೋಸ, ಯಾವುದೂ ನಡೆದಿಲ್ಲ ಎಂದು ಶಫೀಕ ಒಪ್ಪಿಕೊಂಡ.

"ಉಂಡ್ಯಾ ಅಂತ ಅಕಿನ್ನ ಒಮ್ಮೆರೆ ಕೇಳ್ಯಾನೇನ್ರಿ ಅಂವಾ?"

ಶಫೀಕ ಸೀಟಿನಿಂದ ಹಾರಿಬಿದ್ದ. ಇಡೀ ಜಗತ್ತಿನ ಅಭಿಮಾನಿಗಳಿಗೆ ಹೊಳೆಯದ ಉಪಾಯ! ಪೆನ್ಸಿಲ್ ತೆಗೆದು ಟಿಕೇಟಿನ ಹಿಂದೆ ಅವಸರದಲ್ಲಿ ಬರೆಯತೊಡಗಿದ. ಅರ್ಧ ಬರೆದಾಗ ಕೈ ನಿಂತಿತು. ಮುಂಜಾನೆಯಿಂದ ಬಡಿಸುತ್ತಲೇ ಓಡಾಡಿದ ನಸ್ರೀನ ಊಟಕ್ಕೆ ಕೂತದ್ದನ್ನು ಅವನು ಕಂಡಿರಲಿಲ್ಲ.

"ನೀ ಉಂಡ್ಯಾ, ನಸ್ರೀನ?"

"ಮದಲ ಅದನ್ನ ಪೂರ್ತಿ ಬರಕೋರಿ," ಎಂದಳು ನಸ್ರೀನ, ಕಿಟಕಿಯ ಕಡೆ ತಿರುಗಿ. "ಮರತ ಗಿರತ ಬಿಟ್ಟೀರಿ."