ಗೋಡೆಯ ಮೇಲಿನ ಬಾಣಂತಿ

ಕೊಟ್ಟೂರಿನ ಹೆರಿಗೆ ಆಸ್ಪತ್ರೆಯ ಡಾಕ್ಟರ್ ದಾಕ್ಷಾಯಣಮ್ಮ ಹಳೆಯ ಕ್ಯಾಲೆಂಡರಿನ ಒಂದು ಹಾಳೆ ಕೊಟ್ಟು, "ಇದರಾಗ ಹೆಂಗೈತೋ ಹಂಗೇ ಬಾಗಿಲ ಪಕ್ಕದ ಗೋಡಿ ಮ್ಯಾಲೆ ಬರಿ ಯರ್ರೆಪ್ಪ. ಸಂಜಿ ಐದಕ್ಕ ಬಂದು ನೋಡ್ತೀನಿ" ಎಂದು ಒಳಗೆ ಹೋದರು. ಐನೂರು ವರ್ಷದ ಹಿಂದೆ ಇಟಲಿಯಲ್ಲಿ ಯಾರೋ ಬರೆದ ಮೇರಿ ತಾಯಿ. ತೊಡೆಯ ಮೇಲೆ ಬರಿಮೈಯ ಬಾಲ ಯೇಸು.

ಯರ್ರೆಪ್ಪ ಹದಿನೆಂಟು ವರ್ಷದಿಂದ ಗೋಡೆಗಳ ಮೇಲೆ ಬರೆದದ್ದೆಲ್ಲ ಅಕ್ಷರ: ಗೊಬ್ಬರ, ಸಿಮೆಂಟು, ಚುನಾವಣೆ. ಮುಖ ಬರೆಯಲು ಅವನನ್ನು ಯಾರೂ ಕರೆದಿರಲಿಲ್ಲ. ಹನ್ನೆರಡರ ಹೊತ್ತಿಗೆ ತಾಯಿಯ ಕಣ್ಣು ಹಾಳೆಯಲ್ಲಿದ್ದಂತೆಯೇ ಮೂಡಿತು. ಅವನು ಎರಡು ಹೆಜ್ಜೆ ಹಿಂದೆ ಸರಿದು, ತನ್ನ ಕೈಯನ್ನೇ ಒಮ್ಮೆ ನೋಡಿಕೊಂಡ.

ಮಗಳ ಹೆರಿಗೆಗೆಂದು ಹಡಗಲಿಯಿಂದ ಬಂದಿದ್ದ ಅನ್ನದಾನಮ್ಮ ಬಾಗಿಲೆದುರಿನ ಬೆಂಚಿನಿಂದೆದ್ದು ಬಂದಳು.

"ಹಣಿ ಬರಿದೈತಲ್ಲಪ್ಪ."

"ಇದು ಇಟಲಿ ಚಿತ್ರ ಯಮ್ಮ. ಅಲ್ಲಿ ಕುಂಕುಮ ಇಡಂಗಿಲ್ಲ."

"ಅಲ್ಲಿ ಹೆಂಗರ ಇರ್ಲಿ. ಇಲ್ಲಿ ಬಸುರೇರು ಬರಿ ಹಣಿ ನೋಡ್ಕಂತ ಒಳಗ ಹೋಗ್ಬೇಕೇನು?"

ಬೆಂಚಿನ ಬಸುರಿಯರೆಲ್ಲ ಒಟ್ಟಿಗೆ ಅವನತ್ತ ನೋಡಿದರು. ಯರ್ರೆಪ್ಪ ಕುಂಕುಮ ಇಟ್ಟ. ಕುಂಕುಮ ಬಂದ ಮೇಲೆ ಬರಿಗೈ ಎದ್ದು ಕಂಡಿತು. ಹಸಿರು ಬಳೆ ತೊಡಿಸಿದ. ಆಯಾ ಚೌಡಕ್ಕ ಕಸಬರಿಗೆ ಹಿಡಿದೇ ಬಂದು, "ಬಾಣಂತಿ ಕಿವಿಗೆ ಗಾಳಿ ಹೊಕ್ಕತೈತಿ. ಕೂಸಿಗೆ ಕುಲಾವಿ ಇಲ್ಲ, ಉಡದಾರ ಇಲ್ಲ" ಎಂದಳು. ಮೂರು ಗಂಟೆಗೆ ಇಟಲಿಯಾಕೆ ಕೂಡ್ಲಿಗಿ ಬಸ್ಸಿಳಿದು ತವರಿಗೆ ಬಂದ ಬಾಣಂತಿಯಂತೆ ಕಿವಿಗೆ ಬಟ್ಟೆ ಕಟ್ಟಿಕೊಂಡು, ಕೂಸಿಗೆ ಕುಲಾವಿ, ಉಡದಾರ ಹಾಕಿಕೊಂಡು ಕೂತಿದ್ದಳು.

ಆಗ ಕಂಪೌಂಡರ್ ಹುಲುಗೇಶ ಹೊರಗೆ ಬಂದ. "ಲೇ ಯರ್ರೆಪ್ಪ, ಹಂಗೇ ಬರಿ ಅಂದಿದ್ರಲ್ಲೋ. ಮೊನ್ನಿ ಬೋರ್ಡಿನ್ಯಾಗ ಒಂದು ಒತ್ತಕ್ಷರ ತಪ್ಪಿದ್ದಕ್ಕ ಪೂರ್ತಿ ಅಳಿಸಿ ಬರಿ ಅಂದಾರ ಅಮ್ಮಾರು."

ಯರ್ರೆಪ್ಪ ಸೀಮೆಎಣ್ಣೆ ಬಟ್ಟೆಯಿಂದ ಹಸಿ ಬಣ್ಣ ಒರೆಸತೊಡಗಿದ.

"ಮುತ್ತೈದಿ ಬಳಿ ನಮ್ಮ ಕಣ್ಣೆದುರಿಗೇ ತಗೀತೀಯಲ್ಲೋ" ಎಂದ ಅನ್ನದಾನಮ್ಮ ಮಗಳನ್ನು ಗೋಡೆಗೆ ಬೆನ್ನು ಮಾಡಿ ಕೂರಿಸಿದಳು. ಐದಕ್ಕೆ ಐದು ನಿಮಿಷವಿರುವಾಗ ಕ್ಯಾಲೆಂಡರಿನ ತಾಯಿಯೇ ಮರಳಿ ಬಂದಿದ್ದಳು.

ದಾಕ್ಷಾಯಣಮ್ಮ ಹಾಳೆ ನೋಡಿದರು, ಗೋಡೆ ನೋಡಿದರು.

"ಥೇಟ್ ಅದೇ ಐತಿ."

ಯರ್ರೆಪ್ಪ ಉಸಿರು ಬಿಟ್ಟ.

"ಮಧ್ಯಾಹ್ನ ಕಿಟಕಿಯಾಗ ನೋಡಿದ್ನೆಪ್ಪ. ಬಳಿ, ಕುಲಾವಿ, ಎಷ್ಟು ಚಂದ ಇದ್ಲು. ಪೇಪರಿಗೆ ಹಾಕಸಾಕ ಹರಪನಹಳ್ಳಿಯಿಂದ ಫೋಟೋದವರನ್ನ ಕರಿಸೀನಿ. ಆಕಿ ಎಲ್ಲಿ?"

ಯರ್ರೆಪ್ಪ ಕೈಯಲ್ಲಿದ್ದ ಬಟ್ಟೆಯನ್ನು ನೋಡಿದ. ಕೆಂಪು, ಹಸಿರು ಎಲ್ಲ ಅದರಲ್ಲಿ ಕಲಸಿಹೋಗಿತ್ತು.