ಇಂಚರೆಯ ನೀಲಿಬಟ್ಟಲ ದಿಗ್ವಿಜಯ

ಪಂಚಭೂತಗಳಲ್ಲಿ ಅಗ್ರಗಣ್ಯಳೇ, ಸಕಲ ಬೀಜಗಳ ಬಾಣಂತಿಕೋಣೆಯೇ, ಪ್ಯಾಂಟಿನ ಮಂಡಿಗೆ ಒಮ್ಮೆ ಅಂಟಿದರೆ ಮೂರು ಒಗೆತಕ್ಕೂ ಜಗ್ಗದ ಮಹಾಮಹಿಮಳೇ, ಎಲೌ ಜೇಡಿಮಣ್ಣೇ! ಮೊದಲು ನಿನ್ನನ್ನು ನೆನೆದು ಈ ಕಥನಕ್ಕೆ ಕೈಹಾಕುತ್ತೇನೆ. ನನ್ನ ನಾಲಗೆ ತೊದಲದಂತೆ ಕಾಪಾಡು. ಏಕೆಂದರೆ ನಾನು ಹಾಡಹೊರಟಿರುವುದೇ ತೊದಲುವವಳೊಬ್ಬಳ ಶೌರ್ಯವನ್ನು.

ಆ ಯುಗವಾದರೂ ಎಂಥದು? ಧರ್ಮವು ನಾಲ್ಕು ಕಾಲುಗಳ ಮೇಲೆ ನಿಂತಿದ್ದ ಕೃತಯುಗವಲ್ಲ. ಒಂದೇ ಕಾಲಿನಲ್ಲಿ ಕುಂಟುವ ಕಲಿಯುಗದೊಳಗೆ, ಪದವಿ ಮುಗಿದು, ಫಲಿತಾಂಶ ಬಂದು, ಫಲವೊಂದೂ ಬಾರದೆ ಉಳಿದ ಆ ಎಡೆಗಾಲ. ಅಂಥ ಕಾಲದಲ್ಲಿ ಮಹಿಷೂರುಪುರವರದಲ್ಲಿ, ಮೌನವ್ರತಧುರಂಧರೆಯೂ, ಭಿತ್ತಿಪಾರ್ಶ್ವನಿವಾಸಿನಿಯೂ, ಆಟೋದವನಿಗೆ 'ಇಲ್ಲೇ ನಿಲ್ಲಿಸಿ' ಎನ್ನಲಾರದೆ ಎರಡು ಬೀದಿ ಮುಂದಕ್ಕೆ ಹೋಗಿ ಇಳಿದು ನಡೆದು ಬರುವ ಪ್ರತ್ಯಾಗಮನಪಾರಂಗತೆಯೂ, ದಿನಕ್ಕೆ ಮೂರು ಪುಟ ದಿನಚರಿ ಬರೆದು ಮೂರು ಮಾತೂ ಆಡದ ಲೇಖನೀಶೂರೆಯೂ ಆದ ಇಂಚರಾ ಎಂಬ ವೀರೆಯಿದ್ದಳು. ಈ ಕಾವ್ಯವನ್ನು ಬರೆದವಳೂ ಅವಳೇ ಎಂದು ಕೆಲವರಿಗೆ ಗುಮಾನಿಯಿದೆ. ಕವಿಗೆ ಆ ಬಗ್ಗೆ ಹೇಳಲು ಏನೂ ಇಲ್ಲ.

ಈ ವೀರೆಯನ್ನು ರಣರಂಗಕ್ಕೆ ಅಟ್ಟಿದವರು ಅವಳ ಮಾತೃಶ್ರೀಯವರು.

"ಏ ಇಂಚೂ, ಹಿಂಗೇ ರೂಮಲ್ಲಿ ಕೂತು ಡೈರಿ ಗೀಚ್ತಾ ಇದ್ರೆ ಗೋಡೆ ಬಣ್ಣನೇ ಮೈಗೆ ಬರುತ್ತೆ ಅಷ್ಟೇ. ಸಮುದಾಯ ಭವನದ ಹಿಂದ್ಗಡೆ ದೊಡ್ಡೋರಿಗೆ ಮಡಕೆ ಮಾಡೋದು ಹೇಳ್ಕೊಡ್ತಾರಂತೆ. ಭಾನುವಾರ ಭಾನುವಾರ. ಹೆಸರು ಬರೆಸಿ ಬಂದಿದೀನಿ."

"ಯಾರ ಹೆಸರು?"

"ನನ್ನ ಹೆಸರು ಬರೆಸೋಕೆ ನನಗೇನು ಕೆಲಸ ಇಲ್ವಾ? ನಾಲ್ಕು ಜನರ ಮಧ್ಯೆ ಹೋಗಿ ನಾಲ್ಕು ಮಾತಾಡು."

ಹೀಗೆ ಹನ್ನೆರಡು ಭಾನುವಾರಗಳ ಆ ಮಹಾಯಾಗವು ಆರಂಭವಾಯಿತು. ತಗಡಿನ ಶೆಡ್ಡೊಂದರಲ್ಲಿ ಕರೆಂಟಿನಿಂದ ತಿರುಗುವ ಆರು ತಿಗರಿಗಳು ಷಟ್ಚಕ್ರಗಳಂತೆ ಶೋಭಿಸುತ್ತಿದ್ದವು. ಅವುಗಳಲ್ಲಿ ಮೂರನೆಯದು ಭೂಕಂಪಸೋದರ. ಸ್ವಿಚ್ಚು ಹಾಕಿದೊಡನೆ ಗಡಗಡನೆ ನಡುಗುವುದು. ಅನುಭವಸ್ಥರೆಲ್ಲ ಉಳಿದ ಐದಕ್ಕೆ ನುಗ್ಗಿದರು. ನಮ್ಮ ವೀರೆ ಕೊನೆಯಲ್ಲಿ ಒಳಬಂದು ಮೂರನೆಯದಕ್ಕೆ ಕೂತಳು. 'ಇದು ಅಲ್ಲಾಡುತ್ತೆ' ಎಂಬ ಎರಡು ಪದಗಳನ್ನು ಹತ್ತು ವಾರಗಳ ಕಾಲ ಹಲ್ಲಿನ ಹಿಂದೆ ಹಿಡಿದಿಟ್ಟುಕೊಂಡಳು.

ಆ ಶೆಡ್ಡಿನ ಚಕ್ರವರ್ತಿನಿ ದೊಡ್ಡತಾಯಮ್ಮ. ಆರು ತಲೆಮಾರುಗಳಿಂದ ಮಣ್ಣಿನ ಗುಟ್ಟನ್ನು ಅಂಗೈಯಲ್ಲಿಟ್ಟುಕೊಂಡು ಬಂದ ಕುಲಾಲಕುಲತಿಲಕೆ. ಆಕೆಯ ಶಾಸನ ಒಂದೇ: "ಹಸಿ ಇದ್ದಾಗ್ಲೇ ಅಡೀಲಿ ಹೆಸ್ರು ಕೊರ್ಕಳಿ. ಬೆಂದ್ ಮೇಲೆ ಎಲ್ಲಾ ಒಂದೇ ತರ ಕಾಣ್ತವೆ. ಆಮೇಲೆ ನಂದು ನಿಂದು ಅಂತ ನನ್ ತಲೆ ತಿನ್ಬ್ಯಾಡಿ."

ಏಳನೆಯ ಭಾನುವಾರ, ಆರು ವಾರಗಳ ಮಣ್ಣನ್ನು ಬಕೆಟ್ಟಿಗೆ ಬಲಿಕೊಟ್ಟ ಮೇಲೆ, ವೀರೆಯ ಕೈಯಿಂದ ಬಟ್ಟಲೊಂದು ಉದಯಿಸಿತು. ಅದರ ರೂಪವನ್ನು ಕವಿ ವರ್ಣಿಸುವುದಿಲ್ಲ, ದಿನಚರಿಯೇ ವರ್ಣಿಸಿದೆ. ಭಾನುವಾರ: 'ಪರವಾಗಿಲ್ಲ. ಎಡಕ್ಕೆ ಕೊಂಚ ವಾಲಿದೆ.' ಬುಧವಾರ: 'ವಾಲಿದ್ದು ಬೆಳಕಿನ ದೋಷವಿರಬಹುದು.' ಅದರ ಮುಂದಿನ ಸೋಮವಾರ: 'ಅಂಚು ಎಷ್ಟು ಸಮವಾಗಿತ್ತು!' ಮತ್ತೊಂದು ವಾರ ಕಳೆದ ಮೇಲೆ, ಕೆಳಗೆ ಎರಡು ಗೆರೆ ಎಳೆದು: 'ಪೂರ್ಣಚಂದ್ರಬಿಂಬ.' ಶೆಡ್ಡಿನ ಕಪಾಟಿನಲ್ಲಿ ಒಣಗುತ್ತಿದ್ದ ಬಟ್ಟಲು ಇದ್ದಲ್ಲೇ ಇತ್ತು. ದಿನಚರಿಯೊಳಗಿನ ಬಟ್ಟಲು ಮಾತ್ರ ದಿನೇ ದಿನೇ ನೆಟ್ಟಗಾಗುತ್ತಾ ಬಂತು.

ಹೆಸರು ಕೊರೆಯುವ ಗಳಿಗೆಯಲ್ಲಿ ಅವಳಿಗೆ ಅಳುಕಾಗಿತ್ತು. ಇಷ್ಟು ಚಿಕ್ಕ ಬಟ್ಟಲಿಗೆ ಪೂರ್ತಿ ಹೆಸರೆಂದರೆ ಜಂಬವಾಗದೇ? ಯಾರಾದರೂ ತಿರುಗಿಸಿ ನೋಡಿ ನಕ್ಕರೆ? ಹೇರ್‌ಪಿನ್ನಿನ ತುದಿಯಿಂದ ಅಡಿಯಲ್ಲಿ ಒಂದು ಚುಕ್ಕೆ ಇಟ್ಟಳು. ಒಂದೇ ಒಂದು. ಅದೂ ಸಣ್ಣದು.

ಬಳಿಕ ವಾರದ ನಡುವೆ, ದೊಡ್ಡತಾಯಮ್ಮನ ಕೈಯಲ್ಲಿ, ಎಲ್ಲರ ಪಾತ್ರೆಗಳೂ ಒಮ್ಮೆ ಬೆಂದು, ಒಂದೇ ನೀಲಿ ಬಣ್ಣದ ಬಕೆಟ್ಟಿನಲ್ಲಿ ಮಿಂದು, ಮತ್ತೆ ಅಗ್ನಿಪ್ರವೇಶ ಮಾಡಿದವು. ಹತ್ತನೆಯ ಭಾನುವಾರ ಆವಿಗೆಯ ಬಾಗಿಲು ತೆರೆಯಿತು. ಹಾ! ಎಷ್ಟು ಹೂದಾನಿಗಳು ಸಿಡಿದಿದ್ದವು, ಎಷ್ಟು ಲೋಟಗಳು ಪಕ್ಕದವುಗಳನ್ನು ತಬ್ಬಿಕೊಂಡೇ ಮಡಿದಿದ್ದವು! ಆ ಕುರುಕ್ಷೇತ್ರದ ನಡುವೆ ಎರಡು ನೀಲಿ ಬಟ್ಟಲುಗಳು ಮಾತ್ರ ಯಜಮಾನರಿಲ್ಲದೆ ಉಳಿದವು. ಒಂದು ನೆಟ್ಟಗೆ, ದುಂಡಗೆ, ನೋಡಿದರೆ ಪಾಯಸ ನೆನಪಾಗುವಂಥದು. ಇನ್ನೊಂದು ಬಸ್ಸಿನಲ್ಲಿ ನಿದ್ದೆಗೆ ಜಾರಿದವರ ತಲೆಯಂತೆ ಒಂದು ಕಡೆಗೆ ವಾಲಿದ್ದು.

ಆಗ ಮುಂದೆ ಬಂದವರಾರು? ಮೂವತ್ತಾರು ವರ್ಷ ಹೈಸ್ಕೂಲಿನಲ್ಲಿ ಗಣಿತ ಕಲಿಸಿ ನಿವೃತ್ತರಾದ, ತ್ರಿಕೋಣವಿದಾರಣರೂ ಬೀಜಗಣಿತಭಯಂಕರರೂ ಆದ ಮರಿಸ್ವಾಮಿ ಮೇಷ್ಟ್ರು. ಅವರು ನೆಟ್ಟನೆಯ ಬಟ್ಟಲನ್ನೆತ್ತಿ ಬೆಳಕಿಗೆ ಹಿಡಿದು ಸಿಂಹನಾದ ಮಾಡಿದರು:

"ಹೋ ಹೋ ಹೋ! ನೋಡಿದ್ರಾ ದೊಡ್ಡತಾಯಮ್ಮ? ಇದು ನಂದೇ. ಕಾಂಪಾಸಲ್ಲಿ ಎಳೆದಂಗಿದೆ. ಮೂವತ್ತಾರು ವರ್ಷ ಬೋರ್ಡ್ ಮೇಲೆ ಬರೀ ಕೈಯಲ್ಲೇ ವೃತ್ತ ಬರ್ದಿದೀನ್ರೀ! ಡಿ.ಡಿ.ಪಿ.ಐ. ಇನ್ಸ್ಪೆಕ್ಷನ್ಗೆ ಬಂದು ಬೆರಗಾಗಿ ನಿಂತಿದ್ರು!"

ಇಂಚರೆಯ ಎದೆಯಲ್ಲಿ ನೂರು ರಣಭೇರಿಗಳು ಮೊಳಗಿದವು. ಅವಳ ಕೈಯಿಂದ ಈ ಲೋಕಕ್ಕೆ ಬಂದ ಮೊದಲ ವಸ್ತುವದು. ಕಾಲೇಜಿನಲ್ಲಿ ಅವಳ ಪ್ರಬಂಧವನ್ನು ಗೆಳತಿ ತನ್ನದೆಂದು ಓದಿದಾಗ ಸುಮ್ಮನಿದ್ದಳು. ಮದುವೆಮನೆಯಲ್ಲಿ ಅವಳ ಚಪ್ಪಲಿಯನ್ನು ಇನ್ನಾರೋ ಮೆಟ್ಟಿಕೊಂಡು ಹೊರಟಾಗ, ಕಣ್ಣೆದುರಿಗೇ, ಸುಮ್ಮನಿದ್ದಳು. ಇಂದೂ ಸುಮ್ಮನಿದ್ದರೆ ಇನ್ನು ಜನ್ಮದಲ್ಲಿ ಯಾವುದನ್ನೂ ನನ್ನದೆನ್ನಲಾರೆ ಎಂದು ಅವಳಿಗೆ ಹೊಳೆಯಿತು. ಒಡನೆಯೇ ಅವಳು ಗರ್ಜಿಸಿದಳು:

"ನಿಲ್ಲು, ನಿಲ್ಲೆಲವೋ ಸೂತ್ರಕಂಠೀರವ! ಯಾರ ಬೆವರಿನಿಂದ ನಾದಲ್ಪಟ್ಟು, ಯಾರ ಹೆಬ್ಬೆರಳಿನಿಂದ ಅರಳಿ, ಯಾರ ದಿನಚರಿಯಲ್ಲಿ ಹದಿನೇಳು ಪುಟಗಳನ್ನು ವ್ಯಾಪಿಸಿ ಈ ಭಾಂಡವು ಬೆಳಗುತ್ತಿರುವುದೋ, ಅವಳು ಇಲ್ಲಿ ನಿಂತಿರುವಾಗ ನಿನ್ನ ಸೀಮೆಸುಣ್ಣಧೂಸರಿತ ಹಸ್ತವು ಅದನ್ನು ಮುಟ್ಟಬಹುದೇ? ಕೆಳಗಿಡು! ಇಲ್ಲವೇ ಯುದ್ಧಂ ದೇಹಿ!"

ಇದೆಲ್ಲ ಮನಸ್ಸಿನಲ್ಲಿ. ಬಾಯಿಂದ ಹೊರಟದ್ದು ಇಷ್ಟು:

"ಸರ್... ಅದು... ನಂದು ಅನ್ಸುತ್ತೆ."

ಶೆಡ್ಡಿನ ತಲೆಗಳೆಲ್ಲ ಅವಳತ್ತ ತಿರುಗಿದವು. ಮೊದಲು ಚೇತರಿಸಿಕೊಂಡವರು ಐದನೆಯ ತಿಗರಿಯ ಡಾಕ್ಟರ್ ಫರ್ಹಾನಾ, ದಂತವೈದ್ಯೆ.

"ಅಯ್ಯೋ, ಇವರಿಗೆ ಮಾತು ಬರುತ್ತಾ! ಹತ್ತು ವಾರದಿಂದ ಹಲ್ಲುನೋವು ಅಂದ್ಕೊಂಡಿದ್ದೆ. ಇವತ್ತು ಕಾರ್ಡ್ ಕೊಡೋಣ ಅಂತ ತಂದಿದ್ದೆ ಬೇರೆ!"

ಮೇಷ್ಟ್ರು ಕನ್ನಡಕವನ್ನು ಮೂಗಿನ ತುದಿಗೆ ಇಳಿಸಿದರು. "ನಿಂದಾ? ಗ್ಯಾರಂಟಿನಾ ಮಗು?"

"ಹೂಂ ಸರ್."

"ಅಡೀಲಿ ಗುರುತು ನೋಡೋಣ." ಬಟ್ಟಲುಗಳು ಬೋರಲಾದವು. ಆದರೆ ವಿಧಿಯ ಆಟ ನೋಡಿ: ಪಾತ್ರೆಗಳು ಅಂಟದಿರಲೆಂದು ಆವಿಗೆಯ ಹಲಗೆಗೆ ಬಳಿದಿದ್ದ ಬಿಳಿಪುಡಿಯು ಎರಡರ ಅಡಿಗೂ ಗಟ್ಟಿಯಾಗಿ ಮೆತ್ತಿಕೊಂಡಿತ್ತು. ತೊಳೆಯೋಣವೆಂದರೆ ಶೆಡ್ಡಿನ ನಲ್ಲಿ ಬೆಳಗಿನಿಂದಲೂ ಬರೀ ಉಸಿರು ಬಿಡುತ್ತಿತ್ತು.

"ಮನ್ಗೋಗಿ ನಾರಾಕಿ ತಿಕ್ಕಿ, ಹೋಯ್ತದೆ," ಎಂದರು ದೊಡ್ಡತಾಯಮ್ಮ. "ಈಗ ಇತ್ಯರ್ಥ ನೀವೇ ಮಾಡ್ಕಳಿ. ಆಗ್ಲೇ ಬಡ್ಕಂಡೆ, ಹೆಸ್ರು ದಪ್ಪಗೆ ಬರೀರಿ ಅಂತ."

ಮೇಷ್ಟ್ರು ಒಂದು ಕ್ಷಣ ಬಟ್ಟಲನ್ನು ನೋಡಿದರು, ಒಂದು ಕ್ಷಣ ವೀರೆಯನ್ನು. ಆಮೇಲೆ ಬಟ್ಟಲನ್ನು ಅವಳ ಕೈಗಿಟ್ಟರು.

"ತಗೋಮ್ಮ. ಹತ್ತು ವಾರದಿಂದ ಬಾಯೇ ಬಿಡದೆ ಇದ್ದ ಹುಡುಗಿ ಇವತ್ತು ಬಿಟ್ಟಿದೆ ಅಂದ್ಮೇಲೆ ಅದರಲ್ಲಿ ಸುಳ್ಳಿರಲ್ಲ. ನನಗೇ ಕಣ್ಣು ಮಂಜು." ಎಂದವರು ವಾಲಿದ್ದನ್ನು ಪೇಪರಿನಲ್ಲಿ ಸುತ್ತಿ ಚೀಲಕ್ಕೆ ಹಾಕಿಕೊಂಡರು.

ಜಯ! ಜಯ! ದಿಗ್ದಂತಿಗಳು ಘೀಳಿಟ್ಟವೋ ಇಲ್ಲವೋ ತಿಳಿಯದು. ಸಿಟಿ ಬಸ್ಸಂತೂ ಹಾರ್ನ್ ಹಾಕಿತು. ವೀರೆಯು ಬಟ್ಟಲನ್ನು ಮಡಿಲಲ್ಲಿಟ್ಟುಕೊಂಡು, ಕಂಡಕ್ಟರಿಗೆ "ಮುಂದಿನ ಸ್ಟಾಪು" ಎಂದು ತಾನಾಗಿಯೇ ನುಡಿದು, ಸರಿಯಾದ ಬೀದಿಯಲ್ಲೇ ಇಳಿದು ಮನೆ ಸೇರಿದಳು. ಆ ರಾತ್ರಿಯ ದಿನಚರಿ ಐದು ಪುಟ.

ಮರುದಿನ ಮಾತೃಶ್ರೀಯವರು ತೆಂಗಿನ ನಾರು ಹಿಡಿದು ಆ ವಿಜಯಭಾಂಡವನ್ನು ತಿಕ್ಕಲು ಕೂತರು.

"ಚೆನ್ನಾಗಿದೆ ಕಣೇ! ನೀನೇ ಮಾಡಿದ್ದಾ, ನಿಜ ಹೇಳು?"

"ಹೂಂ ಅಮ್ಮ."

"ಇದೇನೇ ಅಡೀಲಿ, ರೈಟ್ ಮಾರ್ಕು?"

ವೀರೆ ಬಾಗಿ ನೋಡಿದಳು. ಬಿಳಿಪುಡಿ ಹೋದ ಜಾಗದಲ್ಲಿ ಚುಕ್ಕೆಯಿರಲಿಲ್ಲ. ಮೂವತ್ತಾರು ವರ್ಷಗಳ ಉತ್ತರಪತ್ರಿಕೆಗಳ ಮೇಲೆ ಬಿದ್ದೂ ಬಿದ್ದೂ ಕೈಗೆ ಅಂಟಿಹೋದಂಥ, ಬಾಲ ಉದ್ದಕ್ಕೆ ಮೇಲೆ ಹಾರಿದ, ನಿಸ್ಸಂದೇಹವಾದ, ಮೇಷ್ಟರ ರೈಟ್ ಮಾರ್ಕೊಂದು ಅಲ್ಲಿ ಬೆಳಗುತ್ತಿತ್ತು.

ಆಗ ಅವಳು ದಿನಚರಿಯನ್ನು ಹಿಂದಕ್ಕೆ ಮಗುಚಿದಳು. ಏಳನೆಯ ಭಾನುವಾರದ ಪುಟ. 'ಎಡಕ್ಕೆ ಕೊಂಚ ವಾಲಿದೆ.' ಅವಳದೇ ಅಕ್ಷರ. ಜನ್ಮದಲ್ಲಿ ಮೊದಲ ಬಾರಿಗೆ ನಾಲ್ವರೆದುರು ಬಾಯಿಬಿಟ್ಟು ಅವಳು ಮಾಡಿದ್ದೇನೆಂದರೆ, ಮುದುಕರೊಬ್ಬರ ಕೈಯಿಂದ ಅವರ ಬಟ್ಟಲನ್ನು ಕಸಿದುಕೊಂಡು ಬಂದದ್ದು. ಅವರಾದರೋ ಅವಳ ಮಾತನ್ನು ನಂಬಿ ಕೊಟ್ಟುಬಿಟ್ಟಿದ್ದರು!

ಎಲೌ ಮೃತ್ತಿಕೆಯೇ, ಆ ವಾರದ ಸಂಕಟವನ್ನು ಹೇಗೆ ಬಣ್ಣಿಸಲಿ! ಸುಮ್ಮನಿದ್ದರೆ ಯಾರಿಗೂ ತಿಳಿಯುತ್ತಿರಲಿಲ್ಲ. ಸುಮ್ಮನಿರುವುದರಲ್ಲಿ ಅವಳನ್ನು ಮೀರಿಸಿದವರು ಹದಿನಾಲ್ಕು ಲೋಕಗಳಲ್ಲಿ ಇಲ್ಲ. ಇಪ್ಪತ್ತೆರಡು ವರ್ಷಗಳ ತಪಸ್ಸಿನಿಂದ ಸಿದ್ಧಿಸಿದ ಆ ಮೌನಾಸ್ತ್ರವು ಬತ್ತಳಿಕೆಯಿಂದ ತಾನಾಗಿಯೇ ಹೊರಬಂದು 'ನನ್ನನ್ನು ಹೂಡು, ನನ್ನನ್ನು ಹೂಡು' ಎಂದು ಅಂಗಲಾಚಿತು. ಮಂಗಳವಾರ ಅವಳಿಗೆ ತಲೆನೋವು. ಗುರುವಾರ ಮಜ್ಜಿಗೆಹುಳಿ ರುಚಿಸಲಿಲ್ಲ. ಬಟ್ಟಲು ಅಡುಗೆಮನೆಯ ಕಿಟಕಿಯಲ್ಲಿ ಕೂತು ಅವಳನ್ನೇ ನೋಡುತ್ತಿತ್ತು, ನೆಟ್ಟಗೆ.

ಹನ್ನೊಂದನೆಯ ಭಾನುವಾರ ವೀರೆಯು ಶೆಡ್ಡಿನ ಮಧ್ಯಕ್ಕೆ ನಡೆದಳು. ಮನಸ್ಸಿನಲ್ಲಿ ಭಾಷಣವೊಂದೂ ಇರಲಿಲ್ಲ.

"ಸರ್, ಇದು ನಿಮ್ಮದು. ನಾನು ತಪ್ಪು ಹೇಳಿದ್ದೆ. ಅಡೀಲಿ ನಿಮ್ಮ ರೈಟ್ ಮಾರ್ಕ್ ಇದೆ."

ಮೇಷ್ಟ್ರು ಬಟ್ಟಲನ್ನು ತಿರುಗಿಸಿದರು. ಮುಖವರಳಿತು.

"ಅಯ್ಯೋ, ದೇವರು ನಿನ್ನ ಚೆನ್ನಾಗಿಟ್ಟಿರಲಿ ತಾಯಿ! ಒಂದು ವಾರ ಮನೇಲಿ ನನ್ನ ಮಾನ ಹೋಗಿತ್ತು ಕಣಮ್ಮ. 'ಈ ಸೊಟ್ಟಮೂತಿ ಮಾಡೋಕೆ ಹತ್ತು ಭಾನುವಾರ ಹೋದ್ರಾ' ಅಂತ ನಮ್ಮನೆಯವಳು ಬೀಗರ ಮುಂದೆ ಆಡ್ಕೊಂಡ್ಳು. ನನಗೂ ಅನ್ನಿಸ್ತು, ವಯಸ್ಸಾಯ್ತು, ಕೈ ಹೋಯ್ತು ಅಂತ. ತಿಗರಿ ಬಿಟ್ಬಿಡೋಣ ಅಂತಾನೇ ಇದ್ದೆ."

"ಸಾರಿ ಸರ್. ಆ ಸೊಟ್ಟದ್ದು ನಂದು. ಅದನ್ನ..."

"ಅದು ಮಾತ್ರ ಕೇಳ್ಬೇಡ! ಕಾಗೆಗೆ ನೀರಿಡೋಕೆ ತಾರಸಿ ಮೇಲೆ ಇಟ್ಟಿದಾಳೆ. ಒಂದು ಕಡೆ ಅಂಚು ತಗ್ಗಾಗಿದೆಯಲ್ಲ, ಕೊಕ್ಕು ಹಾಕೋಕೆ ಅನುಕೂಲವಂತೆ. ಬೈತಾಳೆ, ಆದ್ರೆ ಕೊಡಲ್ಲ."

ಡಾಕ್ಟರ್ ಫರ್ಹಾನಾ ಚಪ್ಪಾಳೆ ತಟ್ಟಿದರು. "ಎರಡೇ ವಾರದಲ್ಲಿ ಎಷ್ಟು ಮಾತು! ಇನ್ನೊಂದು ಹೇಳಿ ನೋಡೋಣ!"

ವೀರೆಗೆ ಆವೇಶ ಬಂದಿತ್ತು. ದೊಡ್ಡತಾಯಮ್ಮನ ಕಡೆ ತಿರುಗಿ, ಹತ್ತು ವಾರಗಳಿಂದ ಹಲ್ಲಿನ ಹಿಂದೆ ಬಂದಿಯಾಗಿದ್ದ ಆ ಪದಗಳನ್ನು ಬಿಡುಗಡೆ ಮಾಡಿದಳು. "ಅಮ್ಮಾ, ಮೂರನೇ ತಿಗರಿ ಅಲ್ಲಾಡುತ್ತೆ."

"ಗೊತ್ತು ಕಣವ್ವ. ಅದ್ಕೇ ಯಾರೂ ಅಲ್ಲಿ ಕೂರಾಕಿಲ್ಲ. ನೀನು ಇಷ್ಟಪಟ್ಟು ಕೂತ್ಕಂಡಿದ್ದೀಯ ಅಂತಿದ್ದೆ."

ಹೀಗೆ ಅಂದು ನಾಲ್ಕನೆಯ ತಿಗರಿಯಲ್ಲಿ, ಮೇಷ್ಟ್ರು ಜಾಗ ಬಿಟ್ಟುಕೊಟ್ಟು ಪಕ್ಕದಲ್ಲಿ ನಿಂತು "ಕೇಂದ್ರ, ಕೇಂದ್ರ!" ಎಂದು ಕೂಗುತ್ತಿರಲು, ಮತ್ತೊಂದು ಬಟ್ಟಲು ಎದ್ದಿತು. ನೆಟ್ಟಗೇ ಎದ್ದಿತು. ಕವಿ ಪ್ರಮಾಣ ಮಾಡುತ್ತಾನೆ, ಸಾಕ್ಷಿಗಳಿದ್ದಾರೆ. ಅದು ತಕ್ಕಷ್ಟು ಆರಿದ ಮೇಲೆ ಇಂಚರೆಯು ಬಟ್ಟಲನ್ನು ಬೋರಲು ಹಾಕಿ, ಮುಡಿಯಿಂದ ಹೇರ್‌ಪಿನ್ನನ್ನು ಖಡ್ಗದಂತೆ ಸೆಳೆದಳು. ಇನ್ನು ಚುಕ್ಕೆಯಿಲ್ಲ! ಇನ್ನು ಅಳುಕಿಲ್ಲ! ಲೋಕ ನಡುಗಲಿ, ಆವಿಗೆಯ ಪುಡಿ ಮುಚ್ಚದಿರಲಿ ಎಂದು, ಹಲ್ಲು ಕಚ್ಚಿ, ಉಸಿರು ಬಿಗಿಹಿಡಿದು, ಇಪ್ಪತ್ತೆರಡು ವರ್ಷಗಳ ಬಲವನ್ನೆಲ್ಲ ಆ ತುದಿಗೆ ಹಾಕಿ, ತನ್ನ ಪೂರ್ತಿ ಹೆಸರನ್ನು ಕೊರೆದಳು, ದಪ್ಪಗೆ, ಆಳಕ್ಕೆ, ಇನ್ನೂ ಆಳಕ್ಕೆ...

ಪಿನ್ನು ಆಚೆ ಬಂತು.

ದೊಡ್ಡತಾಯಮ್ಮ ಬಟ್ಟಲನ್ನೆತ್ತಿ, ತೂತಿನ ಮೂಲಕ ವೀರೆಯನ್ನು ಒಮ್ಮೆ ನೋಡಿದರು. "ಬುಡವ್ವ. ಗಿಡ ನೆಡಕ್ಕಾಯ್ತದೆ."

ಅದರಲ್ಲೀಗ ದೊಡ್ಡಪತ್ರೆ ಇದೆ. ವರಾಂಡದ ಕಟ್ಟೆಯ ಮೇಲೆ ಕೂತಿದೆ. ಇದನ್ನು ಬರೆಯುತ್ತಿರುವ ಹೊತ್ತಿಗೆ ಸರಿಯಾಗಿ ಅಡುಗೆಮನೆಯಿಂದ ಮಾತೃಶ್ರೀಯವರ ದನಿ ಕೇಳಿಸಿತು:

"ಇಂಚೂ, ನಿನ್ನ ಕುಂಡ ಸೋರ್ತಾ ಇದೆ ನೋಡೇ! ಕೆಳಗೊಂದು ತಟ್ಟೆ ಇಡು!"

ನಿನ್ನ ಕುಂಡ, ಎಂದರು. ವೀರೆಯು ಲೇಖನಿಯನ್ನು ಕೆಳಗಿಟ್ಟು, ಎದ್ದುಹೋಗಿ, ತಟ್ಟೆ ಇಟ್ಟಳು.